ಊರಿನ ಹೋಲ್ಡಾಲ್

ಎಪ್ಪತ್ತರ ದಶಕದಲ್ಲಿ ನಾನು ಮಾಡಿದ ದೂರದ ಪ್ರಯಾಣಗಳೆಲ್ಲ ಎರವಲು ತಂದ ಹಾಸಿಗೆಯ ಮೇಲೆಯೇ ಆದವು. ನಾಚಿಕೆಯೇನಿಲ್ಲ, ಖಾನಾಪುರದ ನಮ್ಮ ಓಣಿಯವರೆಲ್ಲರ ಕಥೆಯೂ ಇದೇ. ಹಿಂದೆ ರಾಜರು ದಂಡೆತ್ತಿ ಹೊರಟರೆ ಹಾಸಿಗೆ ಹೊರುವುದಕ್ಕೇ ಬೇರೆ ಆಳುಗಳಿರುತ್ತಿದ್ದರಂತೆ. ನಮಗಿದ್ದದ್ದು ಸುಬೇದಾರ ಬಸಪ್ಪನವರ ಹೋಲ್ಡಾಲ್. ಹಸಿರು ಕ್ಯಾನ್ವಾಸಿನ ಚೀಲ, ಒಳಗೆ ಗಾದಿ, ತಲೆದಿಂಬು, ಸುತ್ತಿ ಕಟ್ಟಲು ಎರಡು ಚರ್ಮದ ಪಟ್ಟಿ.

ಬಸಪ್ಪನವರು ಫೌಜಿನಿಂದ ನಿವೃತ್ತರಾಗಿ ಬಂದು ಜಾಂಬೋಟಿ ಕಡೆಯ ಗದ್ದೆ ನೋಡಿಕೊಂಡಿದ್ದರು. ಹಿಮದ ಗಡಿಯಿಂದ ಆಸಾಮಿನ ಕಾಡಿನವರೆಗೆ ತಿರುಗಿದವರು. ಯಾರು ಕೇಳಿದರೂ ಹೋಲ್ಡಾಲ್ ಕೊಡುತ್ತಿದ್ದರು. ಅದಕ್ಕೆ ಒಂದೇ ಕರಾರು: "ಒಯ್ರಿ, ಬೇಕಾದಷ್ಟು ದಿನ ಇಟಗೋರಿ. ಬಂದ ಮ್ಯಾಲ ಕುಂತು ಎಲ್ಲಾ ಹೇಳಬೇಕು ನೋಡ್ರಿ."

ಹಾಗೆ ಹೇಳುವವರಿಗೆ ಅವರ ಹೆಂಡತಿ ಪಾರ್ವತಕ್ಕನ ಚಹಾ, ಚುರಮುರಿ ಸಿಗುತ್ತಿದ್ದವು. ನನ್ನ ಕುತೂಹಲ ಇದ್ದದ್ದು ಇಲ್ಲೇ. ಬೆಳಗಾವಿಯ ಕೋಟೆ ದಾಟಿದರೆ ಸಾಕು, ದೇಶ ನೋಡಿದೆವೆಂದು ಬೀಗುವ ನಮ್ಮಂಥವರ ಮಾತನ್ನು ಈ ಮನುಷ್ಯ ಇಷ್ಟು ಆಸೆಯಿಂದ ಯಾಕೆ ಕೇಳುತ್ತಾರೆ? ಒಮ್ಮೆ ನಾನು ಆಫೀಸಿನ ಕೆಲಸದ ಮೇಲೆ ದಿಲ್ಲಿಗೆ ಹೋದವನು ಆಗ್ರಾ ನೋಡಿಕೊಂಡು ಬಂದು ತಾಜಮಹಲನ್ನು ವರ್ಣಿಸುತ್ತಿದ್ದಾಗ ಕೇಳಿಯೇಬಿಟ್ಟೆ: "ನೀವು ಫೌಜಿನಾಗ ಇದ್ದಾಗ ಆಗ್ರಾದಾಗೂ ಇದ್ರಲ್ಲರಿ?"

"ಇದ್ದೆ ಖರೇ. ಆದ್ರ ರಜಾ ಸಿಕ್ಕ್ರ ಮೊದಲನೇ ಗಾಡಿ ಹಿಡದು ಊರಿಗೆ ಬರತಿದ್ದೆ. ತಾಜಮಹಲ್ ನೋಡಾಕ ಪುರಸತ್ತು ಎಲ್ಲಿತ್ರಿ?"

ಒಳಬಾಗಿಲಲ್ಲಿ ನಿಂತಿದ್ದ ಪಾರ್ವತಕ್ಕ ಸುಮ್ಮನಿರಲಿಲ್ಲ. "ಊರಿಗೆ ಬಂದು ನನ್ನನ್ನರ ಎಲ್ಲಿಗೆ ಕರಕೊಂಡು ಹೋದ್ರಿ? ಈ ಹೋಲ್ಡಾಲ್ ಝಾಡಿಸಿ ಬಿಸಿಲಿಗೆ ಹಾಕೂದ ಆತು ನನ್ನ ಬಾಳೇವು. ಅದು ದೇಶ ಸುತ್ತತೈತಿ, ನಾ ಬೆಳಗಾವಿ ದಾಟಿಲ್ಲ."

ಬಸಪ್ಪನವರ ಮುಖ ಸಣ್ಣದಾಯಿತು. ಆಗ್ರಾಕ್ಕೆ ಹೋಗುವುದು ಅಂದೇ ಠರಾವಾಯಿತು. ಆದರೆ ಪ್ರತಿ ಸಲವೂ ಯಾರೋ ಒಬ್ಬರು ಹೋಲ್ಡಾಲ್ ಕೇಳಲು ಬರುವರು, ಇವರು ಕೊಟ್ಟುಬಿಡುವರು. ಹೀಗೇ ವರ್ಷಗಳು ಕಳೆದು ಎಂಬತ್ತರ ದಶಕವೂ ಬಂತು. ಕೊನೆಗೊಮ್ಮೆ ಟಿಕೇಟು ತಂದರು. ಹೊರಡುವ ದಿನ ಬೆಳಿಗ್ಗೆ ಬಾಜೂ ಮನೆಯ ಮಲ್ಲಪ್ಪ ಬಂದ, ಮಗನನ್ನು ಪುಣೆಗೆ ಕಳಿಸಬೇಕಂತೆ. ಬಸಪ್ಪನವರ ಕೈ ತಾನಾಗಿಯೇ ಪಟ್ಟಿ ಬಿಚ್ಚಲು ಹೋಯಿತು. ಪಾರ್ವತಕ್ಕ ಬಂದವಳೇ ಹೋಲ್ಡಾಲಿನ ಮೇಲೆ ಕುಳಿತುಬಿಟ್ಟಳು. "ಮುಂದಿನ ಸೋಮವಾರ ಒಯ್ರಿ. ಈ ಸಲ ನಾ ಹೊಂಟೇನಿ."

ಸೋಮವಾರ ಖಂಡಿತ ಕೊಡುತ್ತೇನೆಂದು ಬಸಪ್ಪನವರು ಮಲ್ಲಪ್ಪನಿಗೆ ಮಾತು ಕೊಟ್ಟರು.

ಅವರು ಮರಳಿ ಬಂದ ದಿನ ನಾವೆಲ್ಲ ಜಗಲಿಯಲ್ಲಿ ಕೂಡಿದೆವು. ಮಲ್ಲಪ್ಪನೂ ಇದ್ದ. ತಾಜಮಹಲ್ ಹೇಗಿತ್ತೆಂದು ಬಸಪ್ಪನವರನ್ನು ಕೇಳಿದರೆ, "ಅಕೀನ್ನ ಕೇಳ್ರಿ" ಎಂದರು.

ಆದದ್ದಿಷ್ಟು. ಸ್ಟೇಷನ್ನಿನಿಂದ ನೆಟ್ಟಗೆ ತಾಜಮಹಲಿಗೆ ಹೋಗಿದ್ದಾರೆ. ಗಂಟುಮೂಟೆ ಒಳಗೆ ಬಿಡುವುದಿಲ್ಲವೆಂದರಂತೆ. ಎಲ್ಲಾದರೂ ಇಟ್ಟು ಹೋಗಲು ಇವರ ಮನಸ್ಸು ಒಪ್ಪಲಿಲ್ಲ. ಹೆಂಡತಿಯನ್ನು ಸೊಲ್ಲಾಪುರದ ಹೆಣ್ಣುಮಕ್ಕಳ ಗುಂಪಿನ ಜೊತೆ ಒಳಗೆ ಕಳಿಸಿ, ತಾವು ಬಾಗಿಲ ಹೊರಗೆ ಕಾವಲು ಕುಳಿತರು. ಆಕೆ ಕಣ್ತುಂಬ ನೋಡಿ ಬರುವಷ್ಟರಲ್ಲಿ ಸೋಮವಾರಕ್ಕೆ ಊರು ತಲುಪಿಸುವ ಗಾಡಿಯ ಹೊತ್ತಾಗಿತ್ತು.

"ಅಲ್ಲರಿ, ಇಷ್ಟು ದೂರ ಹೋಗಿ..." ಎಂದೆ. ನನಗೆ ಸಂಕಟವಾಗಿತ್ತು.

"ಊರ ಸಾಮಾನ್ರಿ ಅದು. ಕಳದಿದ್ರ ಮಲ್ಲಪ್ಪಗ ಏನ್ ಹೇಳ್ಲಿ?" ಎಂದು ಅವರು ಹೋಲ್ಡಾಲನ್ನು ಮಲ್ಲಪ್ಪನ ಕಡೆ ಸರಿಸಿ, ಹೆಂಡತಿಯತ್ತ ತಿರುಗಿ ಕುಳಿತರು. "ಹೂಂ, ಒಳಗ ಕಲ್ಲು ಕಾಲಿಗೆ ತಣ್ಣಗ ಹತ್ತತಿತ್ತು ಅಂದೆಲ್ಲ. ಆಮ್ಯಾಲ?"

"ಗಾಡಿಯೊಳಗ ಮೂರು ಸಲ ಹೇಳೇನ್ರಿ ಇವರಿಗೆ," ಎಂದು ಪಾರ್ವತಕ್ಕ ನಕ್ಕಳು. ನಂತರ ಸೆರಗು ಸರಿಪಡಿಸಿಕೊಂಡು ಗಂಡನೆದುರು ಸರಿಯಾಗಿ ಕುಳಿತಳು. "ಏನ್ ಮಾಡೂದ್ರಿ, ಹೋಲ್ಡಾಲ್ ಒಯ್ದ ಮ್ಯಾಲ ಹೇಳಬೇಕಲ್ರಿ."