ಎಮ್ಮೆ ಎಂದು ಬರೆದ ಪಾಠ

ಹನೂರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ನಾನು ಯಳಂದೂರಿನವನು, ಮೈಸೂರು ಸೀಮೆಯವನು. ತಮಿಳು ಬಾರದು. ಅಲ್ಲಿ ಮೇಷ್ಟ್ರಾಗಿ ಸೇರಿದ ಎರಡನೇ ವರ್ಷ ನಮ್ಮ ಶಾಲೆಗೆ ಬ್ಯಾಟರಿ ರೇಡಿಯೋ ಬಂತು.

ಹೆಡ್ಮಾಸ್ಟರು ಈರೋಡಿನ ಕಡೆಯ ತಮಿಳರು. ನನ್ನನ್ನು ಕರೆದು, "ಪ್ರತಿ ಬುಧವಾರ ಮದ್ರಾಸಿನಿಂದ ಪಾಠ ಬರ್ತದೆ. ಮಕ್ಕಳಿಗೆ ಕೇಳಿಸಿ, ಸಾರಾಂಶ ಪುಸ್ತಕದಲ್ಲಿ ಬರೆದು ನನ್ನ ರುಜುಗೆ ತನ್ನಿ" ಅಂದರು.

"ಅದು ತಮಿಳಲ್ಲಿರುತ್ತೆ ಸಾರ್. ನಮ್ಮ ಮಕ್ಕಳು ಕನ್ನಡದವರು."

"ಸರ್ಕಾರ ಕೊಟ್ಟಿದ್ದನ್ನ ಬೀರುವಲ್ಲಿಟ್ಟರೆ ಜವಾಬು ಹೇಳಬೇಕಾದವನು ನಾನು."

ನನಗೂ ತಿಳಿಯುವುದಿಲ್ಲ ಎನ್ನಲು ನಾಲಗೆ ಏಳಲಿಲ್ಲ. ಬುಧವಾರ ಬಂತೆಂದರೆ ಪೆಟ್ಟಿಗೆ ಗೊರಗೊರ ಎನ್ನುತ್ತಾ ಮಾತಾಡುತ್ತಿತ್ತು, ನನ್ನದೇ ಕ್ಲಾಸಿನಲ್ಲಿ ನಾನು ಮೂಕನಂತೆ ಕೂತಿರುತ್ತಿದ್ದೆ. ಕಿವಿಗೆ ಬಿದ್ದ ಒಂದೆರಡು ಪದ ಹಿಡಿದು ಸಾರಾಂಶ ಕಟ್ಟುತ್ತಿದ್ದೆ. ಹೆಡ್ಮಾಸ್ಟರು ಓದದೆಯೇ ರುಜು ಹಾಕುತ್ತಿದ್ದರು.

ಮೂರು ತಿಂಗಳಾದ ಮೇಲೆ ಹೆಡ್ಮಾಸ್ಟರ ಜೊತೆ ಕ್ಲಾಸಿಗೆ ಸ್ಕೂಲ್ ಇನ್‌ಸ್ಪೆಕ್ಟರು ಬಂದರು. ಕನ್ನಡ ಬಲ್ಲವರು. ಪುಸ್ತಕ ತೆರೆದು ಕೊನೆಯ ಪುಟವನ್ನು ನಿಧಾನವಾಗಿ ಓದಿದರು. "ಎಮ್ಮೆಗಳು ಸಾಲಾಗಿ ನಡೆಯುತ್ತವೆ. ಮಳೆಗಾಲಕ್ಕೆ ಆಹಾರ ಕೂಡಿಡುತ್ತವೆ." ತಲೆ ಎತ್ತಿ ಮಕ್ಕಳನ್ನು ಕೇಳಿದರು. "ಹೌದೇನ್ರೋ?"

ತಮಿಳಾಡುವ ಪಾಲಾರ್ ಕಡೆಯಿಂದ ಬಂದು ನೆಂಟರ ಮನೆಯಲ್ಲಿದ್ದ ಹುಡುಗಿ ಎದ್ದು ನಿಂತಳು.

"ಎಮ್ಮೆ ಅಲ್ಲ ಸಾ, ಇರುವೆ. ರೇಡಿಯೋದವ್ರು ಏಳಿದ್ದು ಎರುಂಬು. ಎಮ್ಮೆಗೆ ಎರುಮೈ ಅಂತಾರೆ."

ಸಂತೆಯಲ್ಲಿ ಎಮ್ಮೆ ವ್ಯಾಪಾರದವರ ಬಾಯಲ್ಲಿ ಕೇಳಿದ್ದ ಎರುಮೈಯೇ ಇದು ಎಂದುಕೊಂಡು, ಕನ್ನಡದಂತೆಯೇ ಕೇಳಿಸಿದ ಸಾಲು, ಮಳೆ, ಊಟದ ಪದಗಳನ್ನು ಜೋಡಿಸಿ ಪುಟ ತುಂಬಿಸಿದ್ದೆ. ಇನ್‌ಸ್ಪೆಕ್ಟರು ಹೆಡ್ಮಾಸ್ಟರ ಕಡೆ ತಿರುಗಿ, "ರುಜು ನಿಮ್ಮದೇ ಅಲ್ಲವೇ?" ಅಂದರು.

ಅವರು ಬಾಯಿ ತೆರೆಯುವ ಮೊದಲೇ ನಾನೆಂದೆ, "ತಪ್ಪು ನನ್ನದು ಸಾರ್. ನನಗೆ ತಮಿಳು ಬರೋದಿಲ್ಲ. ಅಷ್ಟೂ ಪುಟ ಊಹೆ."

ಇಬ್ಬರಿಗೂ ಮೆಮೊ ಬಂತು. ಹೆಡ್ಮಾಸ್ಟರು ನನ್ನನ್ನು ಬಂಡಳ್ಳಿಯ ಮೂಲೆಗೆ ವರ್ಗ ಮಾಡಿಸುತ್ತಾರೆಂದು ಒಂದು ವಾರ ಕಾದೆ.

ಮುಂದಿನ ಬುಧವಾರ ಹೆಡ್ಮಾಸ್ಟರು ತಾವೇ ಕುರ್ಚಿ ಹಿಡಿದುಕೊಂಡು ಕ್ಲಾಸಿಗೆ ಬಂದರು. ಪಾಠ ಮುಗಿದ ಮೇಲೆ ರೇಡಿಯೋ ಆರಿಸಿ, ಕೇಳಿದ್ದನ್ನೆಲ್ಲ ತಮಗೆ ಬಂದಷ್ಟು ಕನ್ನಡದಲ್ಲಿ ಮಕ್ಕಳಿಗೆ ಹೇಳತೊಡಗಿದರು. ತಡವರಿಸಿದಾಗ ನನ್ನ ಮುಖ ನೋಡಿದರು. ಬೇಕಾದ ಪದ ಕೊಟ್ಟೆ.

"ಮೊದಲೇ ಹೇಳಬಹುದಿತ್ತಲ್ರೀ," ಅಂದರು ಹೊರಡುವಾಗ.

"ಕೇಳುವ ಹಾಗಿದ್ದಿರಾ ಸಾರ್?"

ಅಲ್ಲಿಂದಾಚೆ ಅವರು ಓದದೆ ರುಜು ಹಾಕಲಿಲ್ಲ.