ಬಿಳಿ ಗೂಡುದೀಪ

ಕಾಗದದ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಕ್ರಿಸ್ಮಸ್ ಬಂತೆಂದರೆ ಬೀದಿಯ ಅರ್ಧ ಮನೆಗಳಿಗೆ ನಾನೇ ನಕ್ಷತ್ರ ಕಟ್ಟಿಕೊಡುತ್ತಿದ್ದೆ. ಆ ಜಂಬವೇ ನನ್ನನ್ನು ಕೆಡಿಸಿತು.

ಐವತ್ತರ ದಶಕದ ಮಾತು. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಚೀನೀ ಹಲ್ಲಿನ ಡಾಕ್ಟರು, ಅವರ ವಿಧವೆ ತಾಯಿ ಇದ್ದರು. ತಾಯಿಯನ್ನು ಬೀದಿಯವರೆಲ್ಲ ಚೀನಾ ಅಮ್ಮ ಎನ್ನುತ್ತಿದ್ದೆವು. ಮೂವತ್ತು ವರ್ಷ ಇಲ್ಲೇ ಬಾಳಿ ಅವರದು ಅಪ್ಪಟ ಮೈಸೂರು ಕನ್ನಡವಾಗಿತ್ತು. ಅವರ ಹೊಸ ವರ್ಷ ಕಳೆದು ಬರುವ ಮೊದಲ ಹುಣ್ಣಿಮೆಗೆ, ಮನೆಯ ಒಬ್ಬೊಬ್ಬರ ಹೆಸರಿಗೂ ಒಂದೊಂದು ಕೆಂಪು ಗೂಡುದೀಪ ಬಾಗಿಲಿಗೆ ತೂಗುಹಾಕಿ, ಅಕ್ಕಿಹಿಟ್ಟಿನ ಉಂಡೆಗಳನ್ನು ಬೆಲ್ಲದ ನೀರಲ್ಲಿ ಬೇಯಿಸಿ ನಮಗೂ ಕೊಡುತ್ತಿದ್ದರು.

ಆ ವರ್ಷ ಮಗ ಹಲ್ಲಿನ ಸಾಮಾನು ತರಲು ಕಲ್ಕತ್ತೆಗೆ ಹೋದವರು ತಿಂಗಳಾದರೂ ಕಾಗದ ಬರೆದಿರಲಿಲ್ಲ. ಪೋಸ್ಟ್‌ಮ್ಯಾನ್ ದಾರಿ ಕಾದು ಕಾದು ಚೀನಾ ಅಮ್ಮ ಸೊರಗಿಹೋಗಿದ್ದರು. ಹುಣ್ಣಿಮೆ ದಿನ ಪೆಟ್ಟಿಗೆ ತೆಗೆದರೆ ಮಗನ ದೀಪವನ್ನೇ ಇಲಿ ಕಡಿದುಹಾಕಿತ್ತು. "ದೀಪ ಇಲ್ದೆ ಅವನು ಮನೆಗೆ ಎಂಗೆ ಬತ್ತಾನೆ ಕಣಮ್ಮ?" ಎಂದು ನನ್ನೆದುರು ಅತ್ತರು.

ಅವರಿಗೆ ಹೇಳದೆ ನಾನೇ ಒಂದು ಕಟ್ಟಿದೆ. ಕೆಂಪು ಕಾಗದ ಮುಗಿದಿತ್ತು, ಬಿಳಿ ಇತ್ತು. ನಮ್ಮ ಕ್ರೈಸ್ತರಲ್ಲಿ ಮದುವೆ ಉಡುಪೂ ಬಿಳಿ, ದೇವದೂತರೂ ಬಿಳಿ. ಬಿಳಿಗಿಂತ ಶುಭ ಯಾವುದಿದೆ? ಡಾಕ್ಟರ ಬೋರ್ಡಿನಲ್ಲಿದ್ದ ಅವರ ಮನೆತನದ ಹೆಸರಿನ ಚೀನೀ ಅಕ್ಷರವನ್ನು ನೀಲಿ ಶಾಯಿಯಲ್ಲಿ ಅಂದವಾಗಿ ಇಳಿಸಿದೆ. ಮುಸ್ಸಂಜೆಗೆ ಅವರು ಒಳಗೆ ಉಂಡೆ ಕಟ್ಟುತ್ತಿದ್ದಾಗ ಬಾಗಿಲಿಗೆ ತೂಗುಹಾಕಿ, ಹಚ್ಚಿ, ಹೊಗಳಿಕೆಗೆ ಕಾದು ನಿಂತೆ.

ಮೊದಲು ಬಂದವರು ಚೀನಾ ಅಮ್ಮ ಊಟಕ್ಕೆ ಕರೆದಿದ್ದ, ಶೂ ಅಂಗಡಿಯ ಚೀನೀ ಮುದುಕರೊಬ್ಬರು. ಗೇಟಿನ ಬಳಿ ದೀಪ ಕಂಡು ನಿಂತುಬಿಟ್ಟರು. ಟೋಪಿ ತೆಗೆದು ಎದೆಗೊತ್ತಿಕೊಂಡು, "ಯಾರು ಹೋದ್ರು?" ಎಂದು ನನ್ನನ್ನು ಮೆಲ್ಲನೆ ಕೇಳಿದರು.

ಆ ಪ್ರಶ್ನೆಯಿಂದಲೇ ನನಗೆ ತಿಳಿಯಿತು. ಬಿಳಿಯ ಮೇಲೆ ನೀಲಿಯಲ್ಲಿ ಮನೆತನದ ಹೆಸರು: ಸಾವಾದ ಮನೆಗೆ ಅವರಲ್ಲಿ ಕಟ್ಟುವುದು ಅಂಥ ದೀಪವನ್ನೇ.

ತೆಗೆಯಲು ಕೈ ಎತ್ತಿದೆ. ಹಿಂದೆ ಬಂದು ನಿಂತಿದ್ದ ಚೀನಾ ಅಮ್ಮ ನನ್ನ ಕೈ ಹಿಡಿದರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅಚ್ಚಿಬುಟ್ಟಿದ್ದೀಯಲ್ಲ, ಇನ್ನು ತೆಗೀಬಾರ್ದು. ಯಾರ್ದು ಅಂತ ಬರೀದೆ ಬುಟ್ರೆ, ಅದೇ ಮನೇಲಿ ಒಬ್ಬರನ್ನ ಆರಿಸ್ಕೊತದೆ," ಎಂದರು.

ಯಾರನ್ನು ಎಂದು ನಾನು ಕೇಳಬೇಕಾಗಿರಲಿಲ್ಲ. ಅವರು ಬ್ರಷ್ ತಂದು ದೀಪದ ಇನ್ನೊಂದು ಮಗ್ಗುಲಿಗೆ ನಾಲ್ಕಾರು ಗೆರೆ ಎಳೆದರು. ಮುದುಕರು ಬೇಡ ಬೇಡ ಎಂದು ಕೂಗಿದರು.

"ಏನಮ್ಮ ಬರೆದ್ರಿ?"

"ವಯಸ್ಸು. ಅರವತ್ತನಾಲ್ಕು. ನಂಗೀಗ ಅರವತ್ತೊಂದು. ಸತ್ತೋರಿಗೆ ಮೂರು ಸೇರಿಸ್ತೀವಿ ಕಣಮ್ಮ. ಆಕಾಶಕ್ಕೊಂದು, ಭೂಮಿಗೊಂದು, ಅವರಿಗೇ ಒಂದು."

ಗಾಳಿ ಇರಲಿಲ್ಲ. ಆದರೂ ದೀಪ ನಿಧಾನವಾಗಿ ತಿರುಗಿ, ಆ ಅಂಕೆಯ ಮಗ್ಗುಲನ್ನು ಚೀನಾ ಅಮ್ಮನ ಕಡೆಗೆ ಮಾಡಿ ನಿಂತಿತು. ಕಣ್ಣಾರೆ ಕಂಡಿದ್ದೇನೆ, ನಂಬುವವರು ನಂಬಲಿ. ಉರಿದು ಮುಗಿದ ಮೇಲೆ ಅದನ್ನು ಅವರೇ ಸುಟ್ಟುಹಾಕಿದರು.

ಹತ್ತು ದಿನಕ್ಕೆ ಮಗ ಬಂದರು. ಟೈಫಾಯ್ಡ್ ಆಗಿ ಅಲ್ಲಿನ ಆಸ್ಪತ್ರೆಯಲ್ಲಿದ್ದರಂತೆ. ಹುಣ್ಣಿಮೆ ಸಂಜೆ ಇದ್ದಕ್ಕಿದ್ದಂತೆ ಜ್ವರ ಇಳಿಯಿತಂತೆ. ಚೀನಾ ಅಮ್ಮ ಅವರಿಗೆ ಒಂದು ವಾರ ಗಂಜಿ ಕಾಯಿಸಿ ಕುಡಿಸಿದರು. ಎಂಟನೆಯ ದಿನ ತಾವೇ ಮಲಗಿದರು. ಯಾವ ಡಾಕ್ಟರಿಗೂ ರೋಗ ಸಿಗಲಿಲ್ಲ. ನಾನು ಹಗಲೆಲ್ಲ ಪಕ್ಕದಲ್ಲಿ ಕೂತಿರುತ್ತಿದ್ದೆ. ಒಮ್ಮೆ ನನ್ನ ಕೈ ಹಿಸುಕಿ, "ದೀಪದ ಇಸ್ಯ ಅವನಿಗೆ ಏಳ್ಬೇಡ," ಎಂದರು. ಅದೇ ರಾತ್ರಿ ತೀರಿಕೊಂಡರು.

ಪಾಪನಿವೇದನೆಗೆ ಹೋದಾಗ ಪಾದ್ರಿಗಳು ಇದು ಪಾಪವಲ್ಲ, ಮೂಢನಂಬಿಕೆ ಎಂದರು. ಇರಬಹುದು. ಆದರೆ ಮಣ್ಣು ಮಾಡಿ ಬಂದ ಸಂಜೆ ಮಗ ನಮ್ಮ ಜಗಲಿಗೆ ಬಂದು ಕೈಮುಗಿದರು. "ಅಮ್ಮನ್ನ ಕೊನೇವರೆಗೂ ನೀವೇ ನೋಡ್ಕೊಂಡ್ರಿ ಅಕ್ಕ. ನಿಮ್ಮನ್ನ ಹೇಗೆ ಮರೀಲಿ?" ಎಂದು ಅತ್ತರು. ನಿಜ ನನ್ನ ನಾಲಗೆಯ ತುದಿಯವರೆಗೆ ಬಂತು.

"ಬಿಡಿ, ಅದೇನು ದೊಡ್ಡದು," ಎಂದುಬಿಟ್ಟೆ.