ಹೊಟ್ಟೆಯಲ್ಲಿ ಹಾಕಿಕೊಳ್ಳುವ ಮಾತು

ಗುಡಗೇರಿ ಸ್ಟೇಶನ್ನಿನಿಂದ ಈಚೆಗಿರುವ ಆ ಸಣ್ಣ ಊರಿನಲ್ಲಿ ಸಮಾಧಾನವ್ವನ ರೊಟ್ಟಿ ತಿನ್ನದವರಿಲ್ಲ. ಆಕೆ ಬಡಿದ ಕಡಕ್ ರೊಟ್ಟಿ ಹುಬ್ಬಳ್ಳಿಯ ಖಾನಾವಳಿಗೂ ಹೋಗುತ್ತದೆ. ಹಳೇ ಕ್ರೈಸ್ತ ಮನೆತನ, ಹಿರಿಯರು ಆಸೆಪಟ್ಟು ಹೆಸರಿಟ್ಟಿದ್ದರು: ಆಕೆ ಸಮಾಧಾನವ್ವ, ಗಂಡ ದೇವಪುತ್ರಪ್ಪ. ಹೆಸರಿಗೇನು ಕೊರತೆ! ಸಂಜೆಯಾದರೆ ಆ ದೇವಪುತ್ರ ಶೆರೆ ಅಂಗಡಿಯ ಪುತ್ರ. ಒಮ್ಮೆ ಕುಡಿದ ಅಮಲಿನಲ್ಲಿ ಹೆಂಡತಿಯ ಎಡಗೈ ಹಿಡಿದು ಕಾದ ಹಂಚಿಗೆ ಒತ್ತಿಬಿಟ್ಟ. ಥೂ, ಅವನ ಜನ್ಮಕ್ಕಿಷ್ಟು! ಆ ಅಂಗೈ ಇವತ್ತಿಗೂ ಸುಕ್ಕುಗಟ್ಟಿದೆ, ಬೆರಳು ಪೂರಾ ಚಾಚುವುದಿಲ್ಲ.

ಕಡೆಗೆ ಲಕ್ವಾ ಹೊಡೆದು ಅವನು ಹಾಸಿಗೆ ಹಿಡಿದ. ಸಮಾಧಾನವ್ವ ಬಿಟ್ಟುಹೋಗಲಿಲ್ಲ. ಹೇಲು ಉಚ್ಚೆ ಬಳಿದಳು, ಮೈ ಒರೆಸಿದಳು, ಹೊತ್ತಿಗೆ ಸರಿಯಾಗಿ ಗಂಜಿ ಕುಡಿಸಿದಳು. "ಹೇಣ್ತಿ ಅಂದ್ರ ಇಂಥಾಕಿ ಇರಬೇಕ" ಎಂದು ಊರು ಹೊಗಳಿತು. ಆಕೆಯ ಕೈಯೇನೋ ಸೇವೆ ಮಾಡುತ್ತಿತ್ತು, ಮನಸ್ಸು ಮಾತ್ರ ಅವನ ಮಾರಿ ನೋಡಲೂ ಒಲ್ಲೆನ್ನುತ್ತಿತ್ತು.

ಒಂದು ಸಂಜೆ ಗಂಜಿ ಕುಡಿಸುವಾಗ ಅವನು ಇನ್ನೂ ಆಡುತ್ತಿದ್ದ ಕೈಯಿಂದ ಆಕೆಯ ಸುಟ್ಟ ಅಂಗೈ ಮುಟ್ಟಿದ. ನಾಲಿಗೆ ಹೊರಳದಿದ್ದರೂ ಒದ್ದಾಡಿ ಒಂದು ಮಾತು ಹೊರಡಿಸಿದ.

"ಹೊ... ಹೊಟ್ಯಾಗ ಹಾಕ್ಕೋ."

ಆ ಕಡೆ 'ಕ್ಷಮಿಸು' ಎಂದು ಬಾಯಿಬಿಟ್ಟು ಯಾರೂ ಅನ್ನುವುದಿಲ್ಲ, ಅದು ಚರ್ಚಿನೊಳಗಿನ ಮಾತು. ಮನೆಯಲ್ಲಿ, ಓಣಿಯಲ್ಲಿ ತಪ್ಪಾದರೆ 'ಹೊಟ್ಯಾಗ ಹಾಕ್ಕೋ' ಅನ್ನುತ್ತಾರೆ. ಸಮಾಧಾನವ್ವನಿಗೆ ತಿಳಿಯದ್ದೇ? ಚೆನ್ನಾಗಿ ತಿಳಿಯಿತು. ತಿಳಿದೂ ತಿಳಿಯದವಳಂತೆ ನಟಿಸಿದಳು.

"ಹಸಿವಾತೇನು? ತಗೋ, ಹಾಕ್ಕೋ ಹೊಟ್ಟಿಗೆ" ಎಂದು ಚಮಚದ ತುಂಬ ಗಂಜಿ ತೆಗೆದು ಅವನ ಬಾಯಿಗೆ ತುರುಕಿದಳು. ಅವನು ನುಂಗಿದ. ಕಣ್ಣಿನಿಂದ ನೀರು ಕಿವಿಯವರೆಗೆ ಇಳಿಯಿತು. ಮುಂಜಾನೆ ನೋಡಿದರೆ ಮೈ ತಣ್ಣಗಾಗಿತ್ತು.

ಮಣ್ಣು ಮಾಡಿದ ಮೇಲಿನ ಭಾನುವಾರ ಆಕೆ ಚರ್ಚಿಗೆ ಹೋದಳು. ಬೇರೆಯವರ ತಪ್ಪನ್ನು ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪನ್ನೂ ಕ್ಷಮಿಸೆಂದು ಸಭೆಯೆಲ್ಲ ಒಟ್ಟಿಗೆ ಬೇಡುವ ಪ್ರಾರ್ಥನೆ ಬಂತು. ಚಿಕ್ಕಂದಿನಿಂದ ಬಾಯಿಪಾಠವಾದದ್ದು ಅಂದು ಗಂಟಲಲ್ಲೇ ನಿಂತಿತು. ನಾ ಮಾಡಿದಂಗ ನೀನೂ ಮಾಡು ಅಂದ್ರ, ದೇವರು ನನ್ನ ಬಾಯಿಗೂ ಗಂಜಿ ತುರುಕ್ಯಾನು! ಎದ್ದು ಹೊರಗೆ ಬಂದವಳು ಮತ್ತೆ ಹೋಗಲಿಲ್ಲ. ಸಭೆಯವರಿಗೆಲ್ಲ ರೊಟ್ಟಿಯ ಚೂರು ಹಂಚುವ ಕರ್ತನ ಭೋಜನಕ್ಕೆ ಆಕೆಯ ಕೈಯಿಂದಲೇ ಆಗುತ್ತಿದ್ದ ಗೋಧಿ ರೊಟ್ಟಿಯೂ ನಿಂತು, ಕುಂದಗೋಳದ ಬೇಕರಿಯಿಂದ ಬ್ರೆಡ್ ಬರತೊಡಗಿತು. "ನಿಮ್ಮ ದುಃಖ ದೇವರ ಮುಂದ ಇಡ್ರಿ, ಸಮಾಧಾನವ್ವಾ" ಎಂದು ಪಾಸ್ಟರ್ ಎಷ್ಟೋ ಸಲ ಬಂದು ಕರೆದರು. ದುಃಖವಾಗಿದ್ದರೆ ಇಡುತ್ತಿದ್ದಳು. ಇದು ದುಃಖವಲ್ಲವಲ್ಲ.

ಹೀಗೆ ವರ್ಷಗಳು ಹೋದವು. ಈ ಸಲದ ಚಳಿಗಾಲದಲ್ಲಿ ಬಾಜು ಮನೆಯ ಮರಿಯಮಬಿಯ ಆಡು ಹಗ್ಗ ಹರಕೊಂಡು ಬಂದು ಹಿತ್ತಲಿನ ಮೆಂತೆಯನ್ನೆಲ್ಲ ಮೇಯಿತು. ಮರಿಯಮಬಿ ಓಡಿ ಬಂದಳು.

"ತಪ್ಪಾತ ಅಕ್ಕಾ, ಹೊಟ್ಯಾಗ ಹಾಕ್ಕೋ!"

ಸಮಾಧಾನವ್ವ ಕುಸಿದು ಕೂತು ಹೋ ಎಂದು ಅಳತೊಡಗಿದಳು.

"ಯಾ ಅಲ್ಲಾ! ಒಂದ ಮಡಿ ಮೆಂತೇಕ ಇಷ್ಟ ಅಳ್ತಾರೇನ ಬೇ?"

ಆಗ ಸಮಾಧಾನವ್ವ ಎಲ್ಲ ಹೇಳಿದಳು. ಅಂಗೈ, ಗಂಜಿ, ಕಿವಿಗಿಳಿದ ಕಣ್ಣೀರು. "ಕೇಳಿದಾಂವ ಹ್ವಾದ. ಇನ್ನ ಯಾರಿಗೆ ಹೂಂ ಅನ್ಲಿ? ನನಗರೆ ಯಾರ ಹೂಂ ಅಂತಾರ?"

ಮರಿಯಮಬಿ ಆಡನ್ನು ಬಿಟ್ಟು ಬಂದು ಬಾಜು ಕೂತಳು. "ಮಾಡಿದ್ದ ಖೋಟಿ ಕೆಲಸ, ಅಕ್ಕಾ" ಎಂದಳು. "ನಿನ್ನ ಹೊಟ್ಟಿ ಸಣ್ಣದು, ನಂದೂ ಸಣ್ಣದು. ದೇವ್ರ ಹೊಟ್ಟಿನೂ ಸಣ್ಣದಂತ ಯಾರ ಹೇಳ್ಯಾರ ನಿನಗ?"

ಸಮಾಧಾನವ್ವನಿಗೆ ಹಗುರೇನೂ ಆಗಲಿಲ್ಲ. ಆದರೆ ಮುಂದಿನ ಭೋಜನದ ಭಾನುವಾರ ಮುಂಜಾನೆ ಗೋಧಿ ಹಿಟ್ಟು ನಾದಿ, ಉಪ್ಪಿಲ್ಲದ ರೊಟ್ಟಿ ಬೇಯಿಸಿ, ಅರಿವೆಯಲ್ಲಿ ಸುತ್ತಿಕೊಂಡು ನಡೆದಳು. ಪಾಸ್ಟರ್ ಅರಿವೆ ಬಿಚ್ಚಿ ನೋಡಿ, ಏನೂ ಕೇಳದೆ ಬೇಕರಿ ಬ್ರೆಡ್ ಬಾಜು ಸರಿಸಿದರು. ಹೆಣ್ಣುಮಕ್ಕಳ ಕಡೆಯ ಕೊನೇ ಸಾಲಿನಲ್ಲಿ ಆಕೆ ಕೂತಳು. ಪ್ರಾರ್ಥನೆಯ ಆ ಸಾಲು ಬಂತು. "ಯಪ್ಪಾ, ನಾ ಹಾಕ್ಕೊಳ್ಲಿಲ್ಲ. ನೀನರೆ ಹಾಕ್ಕೋ" ಎಂದು ಒಳಗೊಳಗೇ ಅಂದುಕೊಂಡಳು.

ಸರದಿ ಬಂದಾಗ ಮುಂದೆ ಹೋಗಿ ಮೊಣಕಾಲೂರಿ ಬಲಗೈ ಚಾಚಿದಳು. ಏನೋ ಹೊಳೆದು ಅದನ್ನು ಹಿಂದೆಳೆದು ಎಡಗೈ ಚಾಚಿದಳು. ಸುಕ್ಕುಗಟ್ಟಿದ ಆ ಅಂಗೈಯಲ್ಲಿ ಪಾಸ್ಟರ್ ರೊಟ್ಟಿಯ ಚೂರು ಇಟ್ಟರು. ಬಾಯಿಗೆ ಹಾಕಿಕೊಂಡಳು. ಒಣ ರೊಟ್ಟಿ, ಒಣ ಗಂಟಲು, ಇಳಿಯಲೊಲ್ಲದು. ಕಣ್ಣಿನಿಂದ ನೀರು ಸುರಿಯಿತು. ಕಷ್ಟಪಟ್ಟು ನುಂಗಿದಳು.

"ಹಾಕ್ಕೊಂಡೆ" ಎಂದಳು ಮೆಲ್ಲಗೆ, ಯಾವತ್ತೋ ಮಣ್ಣಾದ ಗಂಡನಿಗೆ.

ಪಾಸ್ಟರ್ ಅದನ್ನು ಆಮೆನ್ ಎಂದು ತಿಳಿದು ಪಕ್ಕದವರ ಮುಂದೆ ಸರಿದರು.